ಬಸಳೆ ಚಪ್ಪರದ ನವಿಲಿಗೆ ಮೌನವ್ರತಸ್ಥೆಯ ಅಹವಾಲು

ಮಾನ್ಯ ನವಿಲು ಮಹಾಶಯರೇ,

ಬೆಳುವಾಯಿಯ ನಮ್ಮ ಅಂಗಳವನ್ನು ದಿನವೂ ಪಾದಸ್ಪರ್ಶದಿಂದ ಪಾವನಗೊಳಿಸುವ, ರಾಷ್ಟ್ರಪಕ್ಷಿಯಾದ ಕಾರಣ ಯಾರೂ ಒಂದು ಕಲ್ಲನ್ನೂ ಎತ್ತಲಾಗದ ತಮಗೆ ನಿವೃತ್ತ ಶಿಕ್ಷಕಿ ಶಶಿಪ್ರಭಾ ಮಾಡುವ ಅನಂತ ನಮಸ್ಕಾರಗಳು. ತಮ್ಮ ಗರಿಗಳೂ ಕಂಠವೂ ಕ್ಷೇಮವೆಂದು ಭಾವಿಸುತ್ತೇನೆ. ಕಂಠದ ಕ್ಷೇಮವಂತೂ ಇಡೀ ಊರಿಗೆ ಕೇಳಿಸುತ್ತಿದೆ.

ಶಾಲೆಯಲ್ಲಿ ಜೀವಮಾನವಿಡೀ ಮಾತಾಡಿದ ನಾಲಿಗೆಗೆ ಇನ್ನಾದರೂ ಸಂಯಮ ಕಲಿಸೋಣವೆಂದು ನಾನು ಬೆಳಗ್ಗೆ ಏಳರಿಂದ ಎಂಟರವರೆಗೆ ಮೌನವ್ರತ ಹಿಡಿಯಲು ನಿಶ್ಚಯಿಸಿದೆ. ನಮ್ಮ ಯಜಮಾನರು ಚಿನ್ನಯ್ಯನವರು ಪೇಪರಿನಿಂದ ತಲೆಯೆತ್ತದೆ, "ನೀನು ಒಂದು ಗಂಟೆ ಸುಮ್ಮನೆ ಕೂತರೆ ತಿಂಗಳಿಡೀ ದೋಸೆ ನಾನೇ ಹೊಯ್ತೇನೆ" ಎಂದರು. ಆಮೇಲೆ ವ್ರತ ಬಿಡುವ ಪ್ರಶ್ನೆಯೇ ಉಳಿಯಲಿಲ್ಲ.

ಮೊದಲ ದಿನವೇ, ಅವರು ಡೈರಿಗೆ ಹಾಲು ಕೊಡಲು ಹೋದ ಹೊತ್ತಿಗೆ, ತಾವು ದಯಮಾಡಿಸಿ ನನ್ನ ಬಸಳೆಯ ಚಿಗುರುಗಳನ್ನು ಮದುವೆಯೂಟಕ್ಕೆ ಕೂತ ಬೀಗರ ಗಾಂಭೀರ್ಯದಿಂದ ಸ್ವೀಕರಿಸತೊಡಗಿದಿರಿ. ನಾನು ಕೈ ಬೀಸಿದೆ, ಸೆರಗು ಝಾಡಿಸಿದೆ, ಕೊನೆಗೆ ಎಗರಿ ಎಗರಿ ಕುಣಿದೆ. ಅದನ್ನು ಸ್ವಾಗತ ನೃತ್ಯವೆಂದು ತಿಳಿದು ಗರಿ ಬಿಚ್ಚಿ ಎದುರು ಕುಣಿದ ತಮ್ಮ ಸೌಜನ್ಯವನ್ನು ಹೇಗೆ ಮರೆಯಲಿ?

ನೆರೆಮನೆಯ ರಿಕ್ಷಾ ಚಾಲಕ ಲೋಕಯ್ಯನಿಗೆ ಚಪ್ಪರದ ಮರೆಯಲ್ಲಿ ತಾವು ಕಾಣಲಿಲ್ಲ. ಕಂಡದ್ದು ನಾನು ಮಾತ್ರ. "ಶಶಿಯಕ್ಕ, ಎಂತ ಆಯ್ತು? ಮಾತು ಬರುದಿಲ್ವಾ?" ಎಂದು ಓಡಿಬಂದ. ನಾನು ತುಟಿಯ ಮೇಲೆ ಬೆರಳಿಟ್ಟು ಇಲ್ಲವೆಂದು ತಲೆಯಾಡಿಸಿದ್ದೇ ತಡ, ನನ್ನನ್ನು ರಿಕ್ಷಾದಲ್ಲಿ ತುಂಬಿಕೊಂಡು ಮೂಡುಬಿದಿರೆಯ ಆಸ್ಪತ್ರೆಯೊಂದಕ್ಕೆ ಹಾರಿಸಿಯೇ ಬಿಟ್ಟ.

ಡಾಕ್ಟರು ನಾಲಿಗೆ ಚಾಚಿ ಎಂದರು, ಚಾಚಿದೆ. ಕೈಯೆತ್ತಿ ಎಂದರು, ಎತ್ತಿದೆ. ಹೆಸರು ಹೇಳಿ ಎಂದಾಗ ಎಂಟಾಗಲು ಇನ್ನೂ ಸ್ವಲ್ಪ ಹೊತ್ತು ಉಂಟೆಂದು ಗೋಡೆಯ ಗಡಿಯಾರ ತೋರಿಸಿದೆ. ಅವರು ಮುಖ ಗಂಭೀರ ಮಾಡಿಕೊಂಡು ತಲೆಯ ಸ್ಕ್ಯಾನಿಂಗಿಗೆ ಬರೆದರು. ಅಷ್ಟರಲ್ಲಿ ಲೋಕಯ್ಯನ ಫೋನು ಸಿಕ್ಕಿ, ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡೇ ಚಿನ್ನಯ್ಯನವರು ಓಡಿಬಂದರು. ಮದುವೆಯಾದಂದಿನಿಂದ ಅವರ ಕಣ್ಣಲ್ಲಿ ನೀರು ಕಂಡವಳಲ್ಲ ನಾನು. ನನ್ನ ಕೈ ಹಿಡಿದು, "ಬೈಯುದಾದರೆ ಬೈಯಿ ಮಾರಾಯ್ತಿ, ಏನಾದರೂ ಒಂದು ಮಾತಾಡು" ಎಂದರು.

ಛಲವೂ ಸಂಯಮವೂ ಒಟ್ಟಿಗೆ ಕರಗಿದವು. "ನನಗೆ ಎಂತದೂ ಆಗ್ಲಿಲ್ಲ. ಅಲ್ಲಿ ನವಿಲು ಬಸಳೆ ತಿಂದು ಮುಗಿಸ್ತಾ ಉಂಟು" ಎಂದೆ. ನರ್ಸುಗಳು ಗೋಡೆ ಹಿಡಿದುಕೊಂಡು ನಕ್ಕರು. ಡಾಕ್ಟರು ಚೀಟಿ ಹರಿದರು.

ಹೀಗೆ ಪಂಥ ಸೋತೆ. ಆದರೆ ಈಗ ನಾನು ಒಂದು ಗಳಿಗೆ ಸುಮ್ಮನಿದ್ದರೂ ಅವರಿಗೆ ಗಾಬರಿ. ಇಷ್ಟು ವರ್ಷ ಕೇಳದ ನನ್ನ ಶಾಲೆಯ ಕತೆಗಳನ್ನೆಲ್ಲ ಒಂದೊಂದಾಗಿ ಕೇಳಿ ಮಾತಾಡಿಸುತ್ತಾರೆ, ಕೂತು ಪೂರ್ತಿ ಆಲಿಸುತ್ತಾರೆ. ನನ್ನ ಸಂಸಾರಕ್ಕೆ ಈ ಉಪಕಾರ ಮಾಡಿದ ತಾವು ಇನ್ನು ಮುಂದೆ ಎಂಟರ ಬಳಿಕವೇ ಬರಬೇಕಾಗಿಯೂ, ಸೋಮವಾರ ನಿರಾಹಾರ ಇರಬೇಕಾಗಿಯೂ, ಒಮ್ಮೆ ಲೋಕಯ್ಯನ ಎದುರು ಪ್ರತ್ಯಕ್ಷರಾಗಿ ನನ್ನ ತಲೆ ಸರಿಯುಂಟೆಂದು ಸಾಕ್ಷಿ ನುಡಿಯಬೇಕಾಗಿಯೂ ವಿನಂತಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶಶಿಪ್ರಭಾ

ವಿ.ಸೂ.: ಕೋಪ ಬಿಡುವ ವ್ರತವನ್ನು ಮುಂದಿನ ತಿಂಗಳಿನಿಂದ ಹಿಡಿಯುವವಳಿದ್ದೇನೆ. ಅದಕ್ಕೆ ಮೊದಲೇ ತಾವು ಬರುವುದಾದರೆ, ಈ ಪತ್ರದ ಭಾಷೆಯನ್ನು ನಂಬಿಕೊಂಡು ಬರಬೇಡಿ.