ಕಿರುಬೆರಳಿನ ಗುಂಡಿ

ಎಡವಟ್ಟು ಶುರುವಾಗಿದ್ದು ಅಕ್ಕನ ಫೋನಿನಿಂದ. ಗುಂಡಿಯಣ್ಣ ಆಫೀಸಿನ ಕೆಲಸ ಮನೆಗೆ ತಂದುಕೊಂಡು, ಹೊಸ ಮೊಬೈಲಿನ ಡಮ್ಮಿಗೆ, ಅಂದರೆ ಆಕಾರ ತೋರಿಸುವ ಮಾದರಿಗೆ, ಗುಂಡಿ ಅಂಟಿಸುತ್ತಾ ಕೂತಿದ್ದ. ಆಗ ಅಕ್ಕ ಫೋನ್ ಮಾಡಿ ಭಾವನ ಮಂಡಿನೋವಿನ ಕತೆಯನ್ನು ಮೊದಲ ದಿನದಿಂದ ಹೇಳತೊಡಗಿದಳು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಹೂಂಗುಡುತ್ತಿದ್ದವನಿಗೆ, ತಾನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೇನೆ ಅನ್ನುವುದು ಗೊತ್ತಾಗಲಿಲ್ಲ. ಭಾವನ ಎರಡನೇ ಮಂಡಿ ಮುಗಿಯುವ ಹೊತ್ತಿಗೆ, ಬಲಗಡೆ ಮೇಲಿರಬೇಕಾದ ಆನ್-ಆಫ್ ಗುಂಡಿ ಎಡಗಡೆ ಕೆಳಗೆ, ಸರಿಯಾಗಿ ಕಿರುಬೆರಳು ಬರುವ ಜಾಗದಲ್ಲಿ ಅಂಟಿ ಕೂತಿತ್ತು.

ಹದಿನೆಂಟು ವರ್ಷದಿಂದ ಮೊಬೈಲ್ ಕಂಪನಿಯಲ್ಲಿ ಗುಂಡಿ ಎಲ್ಲಿರಬೇಕು, ಎಷ್ಟು ಉಬ್ಬಿರಬೇಕು, ಒತ್ತಿದರೆ ಎಷ್ಟು ಒಳಹೋಗಬೇಕು ಅಂತ ನೋಡಿಕೊಳ್ಳುವುದೇ ಅವನ ಕೆಲಸ. ಬೆಳಿಗ್ಗೆ ತಪ್ಪು ಕಣ್ಣಿಗೆ ಬಿದ್ದ ತಕ್ಷಣ ಇನ್ನೊಂದು ಡಮ್ಮಿ ಸರಿಯಾಗಿ ಮಾಡಿ ಬ್ಯಾಗಿಗೆ ಹಾಕಿಕೊಂಡ. ಕೆಟ್ಟದ್ದನ್ನು ದಾರಿಯಲ್ಲಿ ಬಿಸಾಡೋಣವೆಂದು ಅಂಗಿಜೇಬಿಗೆ ಇಳಿಸಿದ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಎದುರುಮನೆಯ ಇನ್ಶೂರೆನ್ಸ್ ಏಜೆಂಟರು. ಇನ್ನೊಬ್ಬರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಇಡುವ ಮನುಷ್ಯ. ಜೇಬಿನಿಂದ ಇಣುಕುತ್ತಿದ್ದ ಡಮ್ಮಿಯನ್ನು ಕೇಳದೆಯೇ ಎಳೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಫೋಟೋ ತೆಗೆದು, "ನಮ್ಮ ಬಿಲ್ಡಿಂಗಿನ ಹೆಮ್ಮೆ" ಅಂತ ಬರೆದು ಬಿಲ್ಡಿಂಗಿನ ಗ್ರೂಪಿಗೆ ಹಾಕಿಯೇಬಿಟ್ಟರು. ಅಳಿಸಿ ಅಂತ ಗುಂಡಿಯಣ್ಣ ಗೋಗರೆದ. ಅಳಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಕುವ ಭರದಲ್ಲಿ ಇನ್ನೂ ಮೂರು ಗ್ರೂಪಿಗೆ ಕಳಿಸಿದರು.

ಅವನು ಆಫೀಸು ಮುಟ್ಟುವಷ್ಟರಲ್ಲಿ ಫೋಟೋ ಅವನಿಗಿಂತ ಮೊದಲೇ ಮುಟ್ಟಿತ್ತು. ಸಾಹೇಬರು ಒಳಗೆ ಕರೆದು ಮುಕ್ಕಾಲು ಗಂಟೆ ಬೈದರು. ಗುಟ್ಟು ಬಯಲಾಯಿತು ಅಂತ ಅರ್ಧ, ಬಯಲಾದ ಗುಟ್ಟು ಇಷ್ಟು ದರಿದ್ರವಾಗಿದೆಯಲ್ಲ ಅಂತ ಇನ್ನರ್ಧ. ಸಂಜೆಯೊಳಗೆ ಲಿಖಿತ ವಿವರಣೆ ಕೊಡಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು ಅಂದರು. ಗುಂಡಿಯಣ್ಣ ಬರೆಯಲು ಕೂತ. ಅಕ್ಕ, ಭಾವ, ಮಂಡಿ ಇವೆಲ್ಲ ಆಫೀಸಿನ ಕಾಗದದಲ್ಲಿ ಹೇಗೆ ಬರೆದರೂ ಚೆನ್ನಾಗಿ ಕಾಣಲಿಲ್ಲ.

ಊಟದ ಹೊತ್ತಿಗೆ ಮತ್ತೆ ಕರೆ ಬಂತು. ಈ ಸಲ ಸಾಹೇಬರ ಮುಖ ಬೇರೆಯೇ ಆಗಿತ್ತು. ಎದುರಾಳಿ ಕಂಪನಿಯವರು ತಮ್ಮ ಮುಂದಿನ ಫೋನಿನ ಚಿತ್ರವನ್ನು ಆಗಷ್ಟೇ ಹೊರಗೆ ಬಿಟ್ಟಿದ್ದರು. ಗುಂಡಿ ಎಡಗಡೆ, ಕೆಳಗೆ.

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅವರು ಮೂರು ಕ್ಯಾಮೆರಾ ಇಟ್ಟರೆ ಇವರು ನಾಲ್ಕು ಇಡುತ್ತಿದ್ದರು. ಇವರು ಇಯರ್‌ಫೋನಿನ ತೂತು ಮುಚ್ಚಿದಾಗ ಅವರು ಜಾಹೀರಾತಿನಲ್ಲಿ ಗೇಲಿ ಮಾಡಿ ನಕ್ಕು, ಆರೇ ತಿಂಗಳಲ್ಲಿ ತಮ್ಮದನ್ನೂ ಮುಚ್ಚಿದ್ದರು. ಎರಡು ಕಂಪನಿಯ ಫೋನನ್ನೂ ಮೇಜಿನ ಮೇಲೆ ಇಟ್ಟರೆ, ಯಾವುದು ತಮ್ಮದು ಅಂತ ಸಾಹೇಬರಿಗೇ ತಿಳಿಯುತ್ತಿರಲಿಲ್ಲ.

"ಅವರೂ ಅಲ್ಲೇ ಇಟ್ಟಿದ್ದಾರೆ ಅಂದ್ರೆ ಅದರಲ್ಲಿ ಏನೋ ಇದೆ," ಅಂದರು ಸಾಹೇಬರು. "ಅವರಿಗಿಂತ ಮೊದಲು ನಾವು ಬಿಡಬೇಕು."

"ಸಾರ್, ಅವರು ನಮ್ಮ ತಪ್ಪನ್ನೇ ನೋಡಿ ಮಾಡಿದ್ದು."

"ಅಷ್ಟು ದೊಡ್ಡ ಕಂಪನಿ ತಪ್ಪನ್ನ ನೋಡಿ ಮಾಡುತ್ತೇನ್ರೀ?"

ಗುಂಡಿಯಣ್ಣ ಡಮ್ಮಿಯನ್ನು ಅವರ ಬಲಗೈಗೆ ಕೊಟ್ಟು, ಕಿವಿಗೆ ಹಿಡಿದು ಮಾತಾಡಿ ನೋಡಿ ಅಂದ. ಸಾಹೇಬರು ಹಲೋ ಅನ್ನುವಷ್ಟರಲ್ಲಿ ಕಿರುಬೆರಳು ಗುಂಡಿಯನ್ನು ಒತ್ತಿತ್ತು. ನೋಡಿ, ಫೋನೇ ಆಫ್ ಆಯಿತು ಅಂದ ಗುಂಡಿಯಣ್ಣ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಜಾಹೀರಾತು ವಿಭಾಗದ ಮೇಡಂ ಅದನ್ನು ತಕ್ಷಣ ಬರೆದುಕೊಂಡರು: ಅತಿಯಾದ ಮಾತಿಗೆ ತಾನಾಗಿಯೇ ಕಡಿವಾಣ. ಸಾಹೇಬರಿಗೆ ಆ ಸಾಲು ಬಹಳ ಹಿಡಿಸಿತು.

ಗುಂಡಿಯಣ್ಣ ಹಣೆ ಚಚ್ಚಿಕೊಳ್ಳುತ್ತಾ ಹೊರಗೆ ಬಂದ. ನಾಳೆಯಿಂದ ಲಕ್ಷಗಟ್ಟಲೆ ಫೋನಿನಲ್ಲಿ ತನ್ನ ತಪ್ಪು ಕೂತು, ಜನ ಮಾತಿನ ನಡುವೆ ತನಗೆ ಶಾಪ ಹಾಕುವುದು ಕಣ್ಣಿಗೆ ಕಟ್ಟಿತು. ಮೆಟ್ಟಿಲ ಬಳಿ ನಿಂತಿದ್ದಾಗ ಫೋನ್ ಬಂತು. ಎದುರಾಳಿ ಕಂಪನಿಯಲ್ಲಿ ಇದೇ ಕೆಲಸ ಮಾಡುವವನು. ಹಿಂದೊಮ್ಮೆ ಒಂದು ಪ್ರದರ್ಶನದಲ್ಲಿ ಪರಿಚಯವಾಗಿದ್ದ, ವಯಸ್ಸಿನಲ್ಲಿ ಚಿಕ್ಕವನು.

"ಅಣ್ಣಾ, ಒಂದು ಉಪಕಾರ ಮಾಡಿ," ಅಂದ ಅವನು ಸಣ್ಣ ದನಿಯಲ್ಲಿ. "ಗುಂಡಿ ಯಾಕೆ ಅಲ್ಲಿಟ್ರಿ? ನಮ್ಮ ಮೇಡಂ ನನ್ನ ಹತ್ರ ಕಾರಣ ಬರೆಸ್ತಿದ್ದಾರೆ. ಬೆಳಿಗ್ಗೆಯಿಂದ ತಲೆ ಕೆರ್ಕೊಂಡ್ರೂ ಒಂದೂ ಹೊಳೀತಿಲ್ಲ."

ಗುಂಡಿಯಣ್ಣ ಅಕ್ಕನ ಫೋನಿನಿಂದ ಹಿಡಿದು ಎಲ್ಲ ಹೇಳಿದ. ಆ ಕಡೆಯವನು, ತಾನೂ ಅದು ತಪ್ಪು ಅಂತ ತನ್ನ ಮೇಡಂಗೆ ಹೇಳಿ ಬೈಸಿಕೊಂಡೆ ಅಂದ. ಇವರು ಕೈಬಿಟ್ಟರೆ ಅವರು ಕೈಬಿಡುತ್ತಾರೆ, ಅವರು ಕೈಬಿಟ್ಟರೆ ಇವರು ಕೈಬಿಡುತ್ತಾರೆ, ಮೊದಲು ಕೈಬಿಡುವವರು ಯಾರು ಅನ್ನುವುದೇ ತೊಡಕು.

ಗುಂಡಿಯಣ್ಣನಿಗೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಗುಂಡಿಗೆ ಸಂಬಂಧಪಡದ ಉಪಾಯವೊಂದು ಹೊಳೆಯಿತು. ಎದುರಿನವರು ಆಗಲೇ ಕೈಬಿಟ್ಟರಂತೆ ಅಂತ ಇಬ್ಬರೂ ತಮ್ಮ ತಮ್ಮ ಮೇಲಿನವರಿಗೆ ಹೇಳುವುದು. ಬರೀ ಅಷ್ಟು ಹೇಳಿದರೆ ನಂಬುವುದಿಲ್ಲ, ಗಟ್ಟಿ ಪುರಾವೆ ಬೇಕು ಅಂದ ಆ ಕಡೆಯವನು.

"ತಪ್ಪು ಮಾಡಿದ್ದಕ್ಕೆ ನಿನ್ನನ್ನ ಕೆಲಸದಿಂದ ತೆಗೆದ್ರು ಅಂತ ನಾನು ಹೇಳ್ತೀನಿ," ಅಂದ ಗುಂಡಿಯಣ್ಣ. "ನನ್ನನ್ನ ತೆಗೆದ್ರು ಅಂತ ನೀನು ಹೇಳು. ಯಾರೂ ಫೋನ್ ಮಾಡಿ ವಿಚಾರಿಸಲ್ಲ. ಎರಡು ಕಂಪನಿಗೂ ಮಾತುಕತೆ ಇಲ್ಲವಲ್ಲ."

ನಾಲ್ಕು ಗಂಟೆಗೆ ಅವನು ಸಾಹೇಬರ ಮುಂದೆ ನಿಂತು, ಮುಖ ಸಪ್ಪಗೆ ಮಾಡಿಕೊಂಡು ಸುದ್ದಿ ಒಪ್ಪಿಸಿದ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮೇಡಂ ತಾವು ಬರೆದ ಸಾಲನ್ನು ಮೆಲ್ಲಗೆ ಹೊಡೆದುಹಾಕಿದರು. ಗುಂಡಿ ಮೊದಲಿನ ಜಾಗಕ್ಕೇ ಹೋಗಲಿ ಅಂತ ಅಪ್ಪಣೆಯಾಯಿತು. ಗುಂಡಿಯಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ಆಗ ನೆನಪಾಗಿ, ಬಾಗಿಲ ಕಡೆಗೆ ತಿರುಗಿದ.

"ಒಂದ್ನಿಮಿಷ," ಅಂದರು ಸಾಹೇಬರು. "ಅವರು ಗುಂಡಿಯವನನ್ನೇ ತೆಗೆದ್ರು ಅಂದ್ರಲ್ಲ?"

"ಹೌದು ಸಾರ್."

"ಸುಮ್ಮನೆ ತೆಗೆದಿರಲ್ಲ," ಅಂತ ಅವರು ಮೇಡಂ ಕಡೆ ನೋಡಿದರು. "ಅದರಲ್ಲಿ ಏನೋ ಇದೆ."

ಐದೂವರೆಗೆ ಗುಂಡಿಯಣ್ಣ ತನ್ನ ಸ್ಕೇಲು, ಅಂಟು, ಟೀ ಲೋಟ ತುಂಬಿದ ಚೀಲ ಹಿಡಿದು ಬಸ್‌ಸ್ಟಾಪಿನಲ್ಲಿ ಕೂತಿದ್ದ. ಕೈಯಲ್ಲಿದ್ದ ಫೋನಿನಲ್ಲಿ ಆಗಷ್ಟೇ ಒಂದು ಮಾತು ಮುಗಿಸಿದ್ದ. ಅದು ಕೈಯಲ್ಲೇ ಮತ್ತೆ ಬಡಿದುಕೊಂಡಿತು. ಅದೇ ಸಣ್ಣ ದನಿ.

"ಅಣ್ಣಾ, ನನ್ನನ್ನ ತೆಗೆದ್ರು. ನಿಮ್ಮನ್ನ ತೆಗೆದಿದ್ದಾರೆ ಅಂದ್ನಲ್ಲ, ಅದನ್ನೇ ಹಿಡ್ಕೊಂಡ್ರು."

ಗುಂಡಿಯಣ್ಣ ತನ್ನದೂ ಅದೇ ಕತೆ ಅಂದ. ಒಂದು ಬಸ್ಸು ಬಂದು ನಿಂತು ಹೋಯಿತು.

"ನಿಮ್ಮಲ್ಲೇನಾದ್ರೂ ಜಾಗ ಇದ್ಯಾ ಅಂತ ನಾನು ಆಗಲೇ ನಿಮ್ಮ ಕಂಪನಿಗೆ ಫೋನ್ ಮಾಡಿ ಕೇಳ್ದೆ, ಬೇಜಾರು ಮಾಡ್ಕೋಬೇಡಿ," ಅಂದ ಅವನು. "ಗುಂಡಿಯವನು ಬೇಕೇ ಬೇಕಂತೆ. ಆದ್ರೆ ಎದುರಿನವರು ಒಬ್ಬರನ್ನ ತಗೊಂಡ ಮೇಲೇನೇ ತಾವು ತಗೊಳ್ಳೋದಂತೆ."

"ಗೊತ್ತು," ಅಂದ ಗುಂಡಿಯಣ್ಣ. "ನಿಮ್ಮವರೂ ಈಗ ನನಗೆ ಅದನ್ನೇ ಹೇಳಿದ್ರು."