ರೊಟ್ಟಿ ಬಡಿಯುವವಳ ಇಯರ್‌ಬಡ್

‘ಹೂಂ’ ಅನ್ನುವುದು ಮಾತಲ್ಲ ಎಂದು ನಾನು ಇಲ್ಲಿಯವರೆಗೂ ನಂಬಿಕೊಂಡು ಬಂದವಳು. ಅದು ಉಸಿರು ಬಿಟ್ಟ ಹಾಗೆ. ಎದುರಿನವರು ಮಾತಾಡುವಾಗ ನಡುನಡುವೆ ಒಂದು ಹೂಂ ಹಾಕದಿದ್ದರೆ, ಈಕೆ ಕೂತಲ್ಲೇ ಹೋಗಿಬಿಟ್ಟಳೇನೋ ಎಂದು ಅವರಿಗೆ ಗಾಬರಿಯಾಗುತ್ತದೆ. ಅದಕ್ಕೆ ಹಾಕಬೇಕು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ವಿಜಯಪುರದಿಂದ ಟಿಕೋಟಾದವರೆಗೂ ತನ್ನ ಮೈದುನನನ್ನು ಬೈಯುತ್ತಾ ಬಂದರೆ ನಾನು ಅಷ್ಟೂ ದೂರ ಹೂಂ ಅನ್ನುತ್ತೇನೆ. ಹಾಗಂತ ಅವರ ಮನೆಯ ಹೊಲ ಪಾಲಾಗುವಾಗ ನಾನು ಹೆಬ್ಬೆಟ್ಟು ಒತ್ತಿದ ಹಾಗಾಯಿತೇ? ಆದರೆ ನನ್ನ ಸೊಸೆ ಶೋಭಾಳ ಲೆಕ್ಕವೇ ಬೇರೆ. ಅವಳ ಪ್ರಕಾರ ಬೈದವರಿಗಿಂತ ಹೂಂ ಅಂದವರೇ ದೊಡ್ಡ ಅಪರಾಧಿಗಳು. ಈ ಒಂದು ಮಾತಿನ ಮೇಲೆ ನಮ್ಮ ಮನೆಯ ಒಲೆ ಆರುವುದಿತ್ತು. ಅದನ್ನು ಉಳಿಸಲು ಹೋಗಿ ನಾನು ಈ ವಯಸ್ಸಿನಲ್ಲಿ ಕಿವಿಗೆ ಇಯರ್‌ಬಡ್ ಹಾಕಿಕೊಂಡೆ.

ನಮ್ಮ ಮನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ನಾನು ಮತ್ತು ಶೋಭಾ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಮಾಡಿ ಮಾರುತ್ತೇವೆ. ನಾನು ಬಡಿಯುತ್ತೇನೆ, ಅವಳು ಬೇಯಿಸುತ್ತಾಳೆ. ರೊಟ್ಟಿ ಬಡಿಯುವುದನ್ನು ಜನ ಕೈಯ ಕೆಲಸ ಅನ್ನುತ್ತಾರೆ. ಬಡಿಯದವರು ಹಾಗೆ ಅನ್ನುತ್ತಾರೆ. ಅದು ಕಿವಿಯ ಕೆಲಸ. ಹಿಟ್ಟು ದಪ್ಪ ಇದ್ದಾಗ ಕಲ್ಲಿನ ಮೇಲೆ ಒಂದು ಸಪ್ಪಳ, ಹರಡುತ್ತಾ ಹೋದ ಹಾಗೆ ಇನ್ನೊಂದು ಸಪ್ಪಳ. ಸಾಕು ಅನ್ನುವ ಹೊತ್ತಿಗೆ ರೊಟ್ಟಿ ತಾನೇ ಹೇಳುತ್ತದೆ. ನಾನು ಕಣ್ಣು ಮುಚ್ಚಿಕೊಂಡು ಚಂದ್ರನಂಥ ರೊಟ್ಟಿ ಬಡಿಯುತ್ತೇನೆ ಎಂದು ಓಣಿಯಲ್ಲಿ ಹೆಸರಿದೆ. ಆ ಹೆಸರನ್ನು ಮೊದಲು ಹೇಳಿದವಳು ನಾನೇ. ಆದರೆ ಯಾರೂ ಅಲ್ಲ ಅಂದಿಲ್ಲ.

ನನ್ನ ತಂಗಿ ಗಂಗವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ನಾವಿಬ್ಬರೂ ಕಳ್ಳಕವಟಗಿಯಲ್ಲಿ ಹುಟ್ಟಿದವರು, ಮದುವೆಯಾಗುವವರೆಗೂ ಒಂದೇ ಕೌದಿಯಲ್ಲಿ ಮಲಗಿ ಜಗಳಾಡಿದವರು. ಮೊದಲೆಲ್ಲ ಅವಳ ಸುದ್ದಿ ಬರಬೇಕಾದರೆ ಸಂತೆಗೆ ಬಂದ ಯಾರಾದರೂ ತರಬೇಕಾಗಿತ್ತು. ತರುವಷ್ಟರಲ್ಲಿ ಅರ್ಧ ಸುದ್ದಿ ದಾರಿಯಲ್ಲಿ ಉದುರಿ, ಬೇಕಾದ್ದಷ್ಟೇ ಉಳಿಯುತ್ತಿತ್ತು. ಈಗ ಮಗ ಕೊಡಿಸಿದ ಫೋನ್ ಇದೆ, ಒಂದೂ ಉದುರುವುದಿಲ್ಲ. ದಿನಾ ಮುಂಜಾನೆ ನಾನು ಕಲ್ಲಿನ ಮುಂದೆ ಕೂತ ಹೊತ್ತಿಗೇ ಸರಿಯಾಗಿ ಗಂಗವ್ವ ಫೋನ್ ಮಾಡುತ್ತಾಳೆ. ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತವೆ. ಶೋಭಾಳೇ ಫೋನ್ ಒತ್ತಿ, ದೊಡ್ಡ ದನಿಗೆ ಇಟ್ಟು, ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಒಳ್ಳೆಯ ಹುಡುಗಿ. ಅದೇ ತಪ್ಪಾಯಿತು.

ಆವತ್ತು ಗಂಗವ್ವ ಪೀಠಿಕೆ ಹಾಕದೆ ಶುರು ಮಾಡಿದಳು. “ಯಕ್ಕಾ, ಮೊನ್ನೆ ಕಳಿಸಿದ್ದ ರೊಟ್ಟಿ ನೋಡಿದ್ಯೇನ ಬೇ? ನಡುಕ್ಕ ಕರ್ರಗ ಇದ್ದಲಿ, ಅಂಚಿಗಿ ಹಸೀ ಹಿಟ್ಟ. ನಿನ್ನ ಸೊಸಿ ರೊಟ್ಟಿ ಬೇಯಿಸ್ತಾಳೋ ಸುಡತಾಳೋ?”

ನಾನು ಬಡಿಯುತ್ತಾ “ಹೂಂ” ಅಂದೆ.

“ಆಕಿ ತವರಮನಿಯವರು ಚಪಾತಿ ಮಂದಿ. ಹಂಚಿನ ಮುಂದ ಕುಂತು ಗೊತ್ತೇನ ಅವರಿಗಿ?”

“ಹೂಂ.”

ಶೋಭಾ ಹಂಚಿನ ಮುಂದೆಯೇ ಕೂತಿದ್ದಳು. ಎದ್ದು ಹೊರಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆ ಬಂತು. ಹೀಗೆ ಗಂಗವ್ವ ಹೇಳಿದ್ದು ಆ ಕ್ಷಣದಲ್ಲೇ ನಿಜವಾಯಿತು. ಆದರೆ ಅದನ್ನು ಎತ್ತಿ ತೋರಿಸುವಷ್ಟು ಬುದ್ಧಿಗೇಡಿ ನಾನಲ್ಲ.

ಅಂದಿನಿಂದ ಶೋಭಾ ನನ್ನ ಜೊತೆ ಮಾತು ಬಿಟ್ಟಳು. ಬೇರೆ ಮನೆಗಳಲ್ಲಿ ಅತ್ತೆ ಸೊಸೆ ಮಾತು ಬಿಟ್ಟರೆ ನಡೆಯುತ್ತದೆ, ಕೆಲವು ಕಡೆ ಅದರಿಂದ ಅನುಕೂಲವೂ ಆಗುತ್ತದೆ. ರೊಟ್ಟಿ ಮಾಡುವ ಮನೆಯಲ್ಲಿ ನಡೆಯುವುದಿಲ್ಲ. “ಹಿಡಿ” ಅಂದರೆ ಹಿಡಿಯಬೇಕು, “ತಡಿ” ಅಂದರೆ ತಡೆಯಬೇಕು. ನಾನು ಹಿಡಿ ಅಂದಾಗ ಅವಳು ಗೋಡೆ ನೋಡುತ್ತಿದ್ದಳು. ರೊಟ್ಟಿ ನನ್ನ ಅಂಗೈ ಮೇಲೆಯೇ ಹರಿದು ಜೋತು ಬೀಳುತ್ತಿತ್ತು. ಕಡೆಗೆ ಅವಳು ನನ್ನ ಮಗನ ಮುಂದೆ, ನನಗೆ ಕೇಳಿಸುವ ಹಾಗೆ ಹೇಳಿದಳು: “ಒಲಿ ಮುಂದ ಆ ಫೋನರ ಇರಬೇಕು, ಇಲ್ಲಾ ನಾನರ ಇರಬೇಕು. ನಿಮ್ಮವ್ವಗ ಕೇಳ್ರಿ.” ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಊರಿನ ನೌಕರಿ ಮಂದಿಯೆಲ್ಲ ಆವತ್ತು ಟಿಕೋಟಾ ಕಡೆಯ ತಮ್ಮ ಹೊಲಗಳಿಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಟ್ಟು ಅಲ್ಲೇ ಉಣ್ಣಲು ಹೋಗುತ್ತಾರೆ, ಬುಟ್ಟಿ ತುಂಬ ಖಡಕ್ ಸಜ್ಜೆ ರೊಟ್ಟಿ ಬೇಕು. ಅವರ ಮನೆಯಲ್ಲಿ ಯಾರಿಗೂ ಬಡಿಯಲು ಬರುವುದಿಲ್ಲ, ನಮಗೇ ಹೇಳಿರುತ್ತಾರೆ. ತಂಗಿಯ ಫೋನ್ ಬಿಟ್ಟರೆ ನನಗೆ ಹೊತ್ತು ಹೋಗುವುದಿಲ್ಲ, ಸೊಸೆಯನ್ನು ಬಿಟ್ಟರೆ ರೊಟ್ಟಿ ಬೇಯುವುದಿಲ್ಲ.

ನನ್ನ ಮಗ ಹಾರ್ಡ್‌ವೇರ್ ಅಂಗಡಿಯವನು. ಮನೆಯಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟರೆ ಅಂಗಡಿಯನ್ನು ಬೇಗ ತೆಗೆಯುತ್ತಾನೆ. ಆವತ್ತೂ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ತೀರ್ಪು ಕೊಟ್ಟ: “ಅವ್ವಗ ಕಿವ್ಯಾಗ ಹಾಕ್ಕೊಳ್ಳೂದು ಕೊಡಸ್ರಿ. ವಾಯರ್ ಇಲ್ಲದ್ದು. ಸಣ್ಣವ್ವನ ಮಾತು ಅವ್ವನ ಕಿವಿಗಿ ಅಷ್ಟ ಹೋಗ್ತೈತಿ.”

ಕಿವಿಗೆ ಯಂತ್ರ ಹಾಕುವುದು ನಮ್ಮ ಮನೆಗೆ ಹೊಸದಲ್ಲ. ನಮ್ಮ ಯಜಮಾನರಿಗೆ ಕಡೆಗಾಲಕ್ಕೆ ಕಿವಿ ಮಂದವಾಗಿ ಡಾಕ್ಟರು ಒಂದು ಯಂತ್ರ ಕೊಟ್ಟಿದ್ದರು. ಅವರು ಕೆಲವು ದಿನ ಅದನ್ನು ಹಾಕಿಕೊಂಡು ಮನೆಯವರೆಲ್ಲ ಆಡುವುದನ್ನು ಪೂರಾ ಕೇಳಿದರು. ಆಮೇಲೆ ತೆಗೆದು ಕಪಾಟಿನಲ್ಲಿಟ್ಟರು. ಯಾಕೆಂದು ಕೇಳಿದ್ದಕ್ಕೆ, “ವಿಶೇಷ ಏನೂ ಇಲ್ಲ” ಅಂದರು.

ಅಂಗಡಿಗೆ ಶೋಭಾಳೇ ನನ್ನ ಜೊತೆ ಬಂದಳು. ನನ್ನೊಬ್ಬಳನ್ನೇ ಕಳಿಸಿದರೆ ಇನ್ನೂ ದೊಡ್ಡ ದನಿಯದನ್ನು ತಂದೇನು ಎಂಬ ಭಯ ಅವಳಿಗೆ. ದಾರಿಯುದ್ದಕ್ಕೂ ನನ್ನ ಮುಂದೆ ನಡೆದಳು, ತಿರುಗಿ ನೋಡಲಿಲ್ಲ. ಆದರೆ ರಸ್ತೆ ದಾಟುವ ಕಡೆಯಲ್ಲೆಲ್ಲ ನಿಂತಳು. ಅಂಗಡಿಯವನು ಚುರುಕಿನ ಮನುಷ್ಯ. ಯಾರಿಗೆ ಎಂದು ಕೇಳಿದ. ಶೋಭಾ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. ಅವನು ನನ್ನ ಕಿವಿ ನೋಡಿದ. ಮೇಲೆ ಬುಗುಡಿ, ಕೆಳಗೆ ಬೆಂಡೋಲೆ, ಎರಡನ್ನೂ ಕೂಡಿಸುವ ಸರಪಳಿ.

“ಜಾಗಾ ಎಲ್ಲೈತ್ರಿ ಅಮ್ಮಾರ?” ಅಂದ.

“ನಡುಕ್ಕ ತೂತ ಐತೆಲ್ಲೋ. ಅದನ್ನ ಅಕ್ಕಸಾಲಿಗ ಮಾಡಿಲ್ಲ, ದೇವರ ಮಾಡ್ಯಾನ.”

“ಪ್ರವಚನ ಕೇಳಾಕೇನ್ರಿ?”

“ತಂಗಿ ಮಾತ ಕೇಳಾಕ.”

“ಅದೂ ಪ್ರವಚನಾನ ರೀ,” ಎಂದು ಶೋಭಾ ಗೋಡೆಗೆ ಹೇಳಿದಳು.

ಅವನು ಮೊದಲು ಕೊರಳಿಗೆ ಹಾಕಿಕೊಳ್ಳುವಂಥದ್ದನ್ನು ತೆಗೆದ. ಬಗ್ಗಿ ಬಡಿಯುವಾಗ ಅದು ಸರದ ಜೊತೆ ಹೋಗಿ ಹಿಟ್ಟಿನಲ್ಲಿ ಕೂರುತ್ತದೆ, ಬೇಡ ಅಂದೆ. ಆಮೇಲೆ ಒಂದು ಸಣ್ಣ ಡಬ್ಬಿ ತೆರೆದ. ಕುಂಕುಮದ ಭರಣಿಯ ಹಾಗಿತ್ತು, ಒಳಗೆ ಬಿಳಿಯ ಎರಡು ಬೀಜ. ತನ್ನ ಅಂಗಡಿಯಲ್ಲೇ ಎಲ್ಲಕ್ಕಿಂತ ಮೇಲಿನದು ಅದು ಎಂದ. “ಇದನ್ನ ಹಾಕ್ಕೊಂಡ್ರ ಹೊರಗಿನ ಸಪ್ಪಳಾ ಒಂದೂ ಒಳಗ ಬರೂದಿಲ್ರಿ ಅಮ್ಮಾರ. ಜಗತ್ತಽ ಬಂದ್.” ಗಿರಾಕಿಗೆ ತೋರಿಸಲೆಂದೇ ಇಟ್ಟಿದ್ದ ಜೋಡಿಯನ್ನು ಒರೆಸಿ ನನ್ನ ಕಿವಿಗೆ ಕೂರಿಸಿದ. ನಿಜ, ಜಗತ್ತು ಬಂದ್ ಆಯಿತು. ಎರಡೂ ಕಿವಿಗೆ ಹತ್ತಿ ತುರುಕಿದ ಹಾಗೆ. ನನಗೆ ಬೇಕಾದ್ದು ಒಂದೇ ಪರೀಕ್ಷೆ. ಅವನ ಟೇಬಲ್ಲಿನ ಗಾಜಿನ ಮೇಲೆ ಎರಡೂ ಅಂಗೈಯಿಂದ ರೊಟ್ಟಿ ಬಡಿದು ನೋಡಿದೆ. ಒಂದು ಚೂರೂ ಕೇಳಿಸಲಿಲ್ಲ. ಇನ್ನಷ್ಟು ಜೋರಾಗಿ ಬಡಿದೆ. ಅಂಗಡಿಯವನ ಬಾಯಿ ಅಗಲವಾಗಿ ಆಡುತ್ತಿತ್ತು, ಅದೂ ಕೇಳಿಸಲಿಲ್ಲ. ಬೀಜ ಕಿತ್ತಾಗ ಗೊತ್ತಾಯಿತು, ಅವನು “ಗಾಜ ಒಡೀತೈತ್ರಿ ಯಮ್ಮಾ!” ಎಂದು ಆಗಿನಿಂದ ಒದರುತ್ತಿದ್ದ.

“ರೊಟ್ಟಿ ಸಪ್ಪಳ ಕೇಳಂಗಿಲ್ಲ. ಬ್ಯಾಡ,” ಅಂದೆ.

“ಅದಽ ಅಲ್ರೀ ಇದರ ಹೆಚ್ಚಗಾರಿಕಿ! ಅದಕ್ಕ ಮಂದಿ ರೊಕ್ಕಾ ಕೊಡ್ತಾರ.”

“ಕಿವಿ ಮುಚ್ಚಗೊಳ್ಳಾಕ ಯಾಕ ರೊಕ್ಕಾ? ಎರಡ ಬೆರಳ ಸಾಕು.”

ಶೋಭಾ ಮತ್ತೆ ಗೋಡೆಗೆ ಮಾತಾಡಿದಳು. “ಒಂದ ಕಿವಿಗಿ ಹಾಕ್ಕೋಳ್ರಿ ಅಂತ ಹೇಳ್ರಿ ಅವರಿಗಿ. ಇನ್ನೊಂದು ರೊಟ್ಟಿಗಿ ಇರಲಿ.” ನನ್ನ ಸೊಸೆಗೆ ಬುದ್ಧಿಯಿಲ್ಲ ಎಂದು ನಾನು ಎಂದೂ ಹೇಳಿಲ್ಲ. ಹಾಗಾದರೆ ಒಂದೇ ಕೊಡು, ಅರ್ಧ ರೊಕ್ಕ ತಗೋ ಎಂದು ಅಂಗಡಿಯವನಿಗೆ ಹೇಳಿದೆ. ಜೋಡಿಯನ್ನು ಒಡೆಯುವ ಹಾಗಿಲ್ಲವಂತೆ. ಬಳೆಗಾರನೂ ಇಷ್ಟು ಬಿಗಿ ಇರುವುದಿಲ್ಲ.

ಮುಂದೆ ಎಲ್ಲ ಬೇಗ ಬೇಗ ನಡೆಯಿತು, ಅಂದರೆ ಯಾರಾದರೂ ಒಂದು ಸಲ ಚಹಾ ಕುಡಿದು ಬರುವಷ್ಟರಲ್ಲಿ. ಬೆರಳು ತಾಕಿಸಿದರೆ ಫೋನ್ ಕಟ್ಟಾಗುವ ಜಾತಿಯದೊಂದು ತೋರಿಸಿದ. ಅದಕ್ಕೆ ಬೆರಳೇ ಬೇಕಿರಲಿಲ್ಲ, ನನ್ನ ತಲೆ ಮೇಲಿನ ಸೆರಗು ಸರಿದರೂ ಕಟ್ಟಾಯಿತು. ನಮ್ಮ ಗಂಗವ್ವನ ಮಾತನ್ನು ನಡುವೆ ಕತ್ತರಿಸಿದರೆ ಅವಳು ಮಾರನೆಯ ದಿನದ ಮೊದಲ ಬಸ್ಸಿಗೆ ಕಾರಣ ಕೇಳಲು ಬರುವವಳು. ಬ್ಯಾಡ ಅಂದೆ. ಗುಂಡಿ ಒತ್ತಿದರೆ ಮಾತ್ರ ಕಟ್ಟಾಗುವಂಥದ್ದು ಬೇಕು ಅಂದಾಗ ಅವನು ಹಿಂದಿನ ಕಪಾಟಿನಿಂದ ದೂಳು ಹತ್ತಿದ ಡಬ್ಬಿ ತಂದ. ಹಳೇ ಮಾಲು, ಯಾರೂ ಕೇಳುವುದಿಲ್ಲ ಎಂದ. ರಬ್ಬರಿನ ಬಿರಡೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರಿದ್ದವು. ದೊಡ್ಡದನ್ನು ಹಾಕಿ, ಟೇಬಲ್ ಬಿಟ್ಟು ಗಾಳಿಯಲ್ಲೇ ಬಡಿದು, ತಲೆ ಕೊಡವಿ, ಎಲೆ ಅಡಿಕೆ ಜಗಿದು ನೋಡಿದೆ. ಬೀಳಲಿಲ್ಲ. ಬಣ್ಣ ಮಾತ್ರ ಬಿಳಿ ಬೇಡ ಅಂದೆ. “ಬಿಳೇದು ಛಂದ ಕಾಣತೈತ್ರಿ,” ಅಂದ. ಛಂದ ಕಂಡರೆ ಏನು, ಜೋಳದ ಹಿಟ್ಟಿನಲ್ಲಿ ಬಿದ್ದರೆ ಕಾಣಬೇಕಲ್ಲ. ನಾದಿ, ಬಡಿದು, ಬೇಯಿಸಿ ಗಿರಾಕಿಗೆ ಕೊಟ್ಟ ಮೇಲೆ ಅದು ಎಲ್ಲಿದೆ ಎಂದು ಹುಡುಕಲಿ? ಕಪ್ಪು ತಗೊಂಡೆ.

ಕಾಲೇಜಿನಿಂದ ಬಂದ ಮೊಮ್ಮಗಳು ಅದನ್ನು ಫೋನಿಗೆ ಜೋಡಿಸಿಕೊಟ್ಟಳು. ಮಾರನೆಯ ದಿನ ಬಲಗಿವಿಗೆ ಒಂದನ್ನು ಹಾಕಿಕೊಂಡು ಕೂತೆ, ಎಡಗಿವಿಯದು ಡಬ್ಬಿಯಲ್ಲೇ ಉಳಿಯಿತು. ಶೋಭಾ ಒಪ್ಪಂದದಂತೆ ಹಂಚಿನ ಮುಂದೆ ಬಂದು ಕೂತಳು. ಗಂಗವ್ವನ ದನಿ ಬಂತು, ನನ್ನ ಒಬ್ಬಳ ಕಿವಿಗೆ, ಪಕ್ಕದಲ್ಲೇ ಕೂತ ಹಾಗೆ. ಅಡುಗೆಮನೆ ಶಾಂತವಾಗಿತ್ತು. ಇನ್ನು ಯಾರ ಹೆದರಿಕೆಯೂ ಇಲ್ಲ ಎಂದು ನನಗೆ ಬಹಳ ಧೈರ್ಯ ಬಂತು. ತಂಗಿಯ ದನಿಯನ್ನು ಮುಚ್ಚಿದ ಯಂತ್ರ ನನ್ನ ದನಿಯನ್ನೂ ಮುಚ್ಚುತ್ತದೆ ಎಂದು ನಾನು ಹೇಗೋ ತಿಳಿದುಕೊಂಡಿದ್ದೆ. ಅಲ್ಲದೆ ಬಬಲೇಶ್ವರ ಎಷ್ಟು ದೂರ ಎಂದು ನನ್ನ ಗಂಟಲಿಗೆ ಗೊತ್ತು. ಫೋನಿನ ಮೇಲೆ ಅದಕ್ಕೆ ಇನ್ನೂ ನಂಬಿಕೆ ಬಂದಿಲ್ಲ.

ಆವತ್ತು ಗಂಗವ್ವ ಹೇಳುತ್ತಿದ್ದದ್ದು ತನ್ನ ಹೊಸ ಎಮ್ಮೆಯ ವಿಷಯ. ಗೌರಿ ಎಂದು ಹೆಸರಿಟ್ಟಿದ್ದಾಳೆ, ಮಗಳ ಹಾಗೆ ಮಾತಾಡಿಸುತ್ತಾಳೆ. ಅದು ಹಿಂಡಲು ಬಿಡುವುದಿಲ್ಲವಂತೆ. ಅಡುಗೆಮನೆಯಲ್ಲಿ ಕೇಳಿಸಿದ್ದು ಇಷ್ಟು:

“ಇನ್ನಾ ಸಿಟ್ಟ ಇಳದಿಲ್ಲಾ? ದಿನಾ ಎಷ್ಟಾತು!”

“ತಿನ್ನೂದ ಒಂದ ಬರತೈತಿ ಬಿಡ ಆಕಿಗಿ.”

“ಮೈ ಕೈ ತುಂಬಿಕೊಂಡಾಳ ಅಂತ ನೋಡಿ ತಂದ್ರ ಹಿಂಗಽ ಆಗೂದು. ತಂದ ಮನಿಗೇ ಹೊಳ್ಳಿ ಅಟ್ಟಿ ಬಿಡ ಆಕಿನ್ನ!”

ಶೋಭಾ ಗ್ಯಾಸ್ ಆರಿಸಿದಳು. “ಅಟ್ಟೂದ ಬ್ಯಾಡ್ರಿ ಅತ್ತಿ. ನಾನಽ ಹೋಗ್ತೇನಿ,” ಅಂದಳು. ಬಹಳ ದಿನಗಳ ಮೇಲೆ ಅವಳು ನನಗೇ ಆಡಿದ ಮೊದಲ ಮಾತು ಅದು.

“ಲೇ, ಎಮ್ಮೀ ಮಾತದು!” ಅಂದೆ.

“ನನಗ ಎಮ್ಮೀ ಅಂತೀರಿ?”

ವಿವರಿಸುವುದಕ್ಕಿಂತ ತೋರಿಸುವುದು ಮೇಲು. ಹಿಟ್ಟಿನ ಕೈಯಿಂದಲೇ ಡಬ್ಬಿ ತೆಗೆದು, ಎಡಗಿವಿಯ ಬೀಜವನ್ನು ಸೆರಗಿನಿಂದ ಒರೆಸಿ ಅವಳಿಗೆ ಕೊಟ್ಟೆ. “ನೀನಽ ಕೇಳು.” ಅವಳು ಹಾಕಿಕೊಂಡಳು. ಗಂಗವ್ವ ಆಗ ಎಮ್ಮೆಯ ಕೆಚ್ಚಲಿನ ವರ್ಣನೆಯಲ್ಲಿದ್ದಳು. ಶೋಭಾಳ ಮುಖ ಸಡಿಲಾಯಿತು. ಗ್ಯಾಸ್ ಮತ್ತೆ ಹಚ್ಚಿದಳು. ಅಲ್ಲಿಗೆ ಬೀಜ ವಾಪಸು ಇಸಕೊಂಡಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಕೈಯಲ್ಲಿ ರೊಟ್ಟಿ ಇತ್ತು, ಮರೆತೆ.

“ಅದಿರಲಿ ಯಕ್ಕಾ,” ಎಂದು ಗಂಗವ್ವ ದಾರಿ ಬದಲಿಸಿದಳು. “ನಿನ್ನ ಸೊಸಿ ಹೆಂಗದಾಳ? ಇನ್ನಾ ಮಾರಿ ಊದಿಸ್ಕೊಂಡ ಕುಂತಾಳೇನ?”

“ಛಲೋ ಅದೇನಿ ರೀ ಸಣ್ಣತ್ತಿ,” ಅಂದಳು ಶೋಭಾ.

 ಸಿಕ್ಕಿಬಿದ್ದರೂ ಗಂಗವ್ವ ನಾಚಿಕೊಳ್ಳುವ ಪೈಕಿಯಲ್ಲ. “ಅಯ್ಯ ನಮ್ಮವ್ವಾ, ನೀನೇನ? ಬೇಷಾತ ಬಿಡ, ನಿನ್ನಽ ಕೇಳತೇನಿ. ರೊಟ್ಟಿ ಯಾಕ ನಡುಕ್ಕ ಸುಡತಾವ?”

“ಹೇಳಲೇನ್ರಿ? ಅತ್ತಿ ಸಿಟ್ಟ ಮಾಡತಾರ.”

“ಮಾಡ್ಲಿ ಬಿಡ. ಹೇಳ.”

“ಅತ್ತಿ ಬಡಿಯೂದು ಹಂಗ ರೀ. ನಡುಕ್ಕ ಹಾಳಿಯಂಗ ತೆಳ್ಳಗ, ಅಂಚಿಗಿ ದಪ್ಪ. ಅಂಚ ಬೇಯೂತನಕಾ ನಡುವು ಕರ್ರಗ ಆಕ್ಕೈತಿ. ನಡುವು ಉಳಿಸಾಕ ಹೋದ್ರ ಅಂಚ ಹಸಿ. ನಾ ಏನ ಮಾಡ್ಲಿ?”

“ಹೌದ ನೋಡವ್ವಾ!” ಗಂಗವ್ವನ ದನಿಯಲ್ಲಿ ಕಳೆದುಹೋದ ಒಡವೆ ಸಿಕ್ಕ ಸಂತೋಷವಿತ್ತು. “ಸಣ್ಣಾಕಿ ಇದ್ದಾಗಿಂದ ಆಕೀದು ಅದಽ ಚಟ. ನಮ್ಮವ್ವ ಹೇಳಿ ಹೇಳಿ ಸಾಕಾಗಿದ್ಲು. ಮಾತ ಕೇಳಬೇಕಲ್ಲ! ಮ್ಯಾಲೆ ಕಣ್ಣ ಮುಚ್ಚಿ ಬಡೀತೇನಿ ಅನ್ನೂ ಸೊಕ್ಕ ಬ್ಯಾರೆ.”

“ಕಣ್ಣ ತಗದ ಬಡೀರಿ ಅಂತ ಹೆಂಗ ಹೇಳೂದ್ರಿ ಹಿರೇರಿಗಿ?”

“ನಾ ಹೇಳತೇನಿ ತಡಿ. ಕಿವಿ ಮ್ಯಾಲೆ ನಂಬಿಗಿ ಆಕಿಗಿ. ಆ ಕಿವ್ಯಾಗ ಏನೈತಿ ಅಂತ ನನಗ ಗೊತ್ತಿಲ್ಲೇನು? ಯಾರ ಮಾತೂ ಎಂದೂ ಒಳಗ ಹೋಗಿಲ್ಲ.”

ಒಬ್ಬಳು ಬಬಲೇಶ್ವರದಲ್ಲಿ, ಇನ್ನೊಬ್ಬಳು ಹಂಚಿನ ಮುಂದೆ, ನಡುವೆ ನಾನು. ತಂಗಿಯ ಮಾತು ಬಲಗಿವಿಯಲ್ಲಿ, ಸೊಸೆಯ ಮಾತು ಎಡಗಿವಿಯಲ್ಲಿ, ಒಂದೂ ಉದುರದೆ ಸ್ವಚ್ಛವಾಗಿ ಬೀಳುತ್ತಿತ್ತು. ಮಾಲು ಹಳೆಯದಾದರೂ ಒಳ್ಳೆಯದು, ಅದನ್ನು ಹೇಳಲೇಬೇಕು. ನನ್ನ ಕೈಗಳು ಬಡಿಯುತ್ತಲೇ ಇದ್ದವು, ಕಣ್ಣು ಎಂದಿನಂತೆ ಮುಚ್ಚಿತ್ತು. ಶೋಭಾ “ಹೌದಲ್ರೀ ಸಣ್ಣತ್ತಿ?” ಅಂದಳು. ಗಂಗವ್ವ “ಹೌದವ್ವ ಹೌದು. ಅಕ್ಕಾ, ಕೇಳಾಕತ್ತಿಯಿಲ್ಲೊ?” ಅಂದಳು.

ನಾನು ರೂಢಿಯಂತೆ “ಹೂಂ” ಅಂದೆ.