ಖಾಲಿ ಡಬ್ಬಿ ಕೊಡದ ಏಜೆಂಟು

ಹೊಳೆದಂಡೆಯ ನರಸಿಂಹಸ್ವಾಮಿಗೆ ಕೈಮುಗಿದು ಶುರುಮಾಡುತ್ತೇನೆ. ಆಯಾಸ ನನ್ನದು, ನಡೆಸುವವನು ಅವನು.

ಎಷ್ಟು ತಿದ್ದಿ ಬರೆದರೂ ನಮ್ಮ ಕೆಲಸದಲ್ಲಿ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ಹಾಸನದಲ್ಲಿ ನಮ್ಮದೊಂದು ಪುಟ್ಟ ಕಚೇರಿ. ವ್ಯಾಪಾರಿಗಳ ಪ್ರೋಗ್ರಾಮುಗಳನ್ನು ಡಬ್ಬಿಯಲ್ಲಿ ಹಾಕಿಟ್ಟ ಹಾಗೆ ಕಂಪ್ಯೂಟರಿನೊಳಗೆ ಬೇರೆಬೇರೆಯಾಗಿ ಇಡುತ್ತೇವೆ. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಅವುಗಳಿಗೆ ಜಾಗ ಕೊಡುವುದು, ಕೆಲಸ ಮುಗಿದ ಮೇಲೆ ಆ ಜಾಗ ತೆರವು ಮಾಡುವುದು, ಹೇಳಿದ ಕೆಲಸ ತಾನೇ ಮಾಡಿ ಮುಗಿಸುವ ಎಐ ಏಜೆಂಟಿನ ಪಾಲು. ಅದರ ಕೈಗೆ ಕೊಟ್ಟ ಸಲಕರಣೆಗಳಲ್ಲಿ, ಅಂದರೆ ಟೂಲುಗಳಲ್ಲಿ, ಯಾವುದು ಏನು ಮಾಡುತ್ತದೆ, ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂದು ಅದಕ್ಕೆ ಕನ್ನಡದಲ್ಲಿ ವಿವರಣೆ ಬರೆಯುವುದು ಸ್ವಾಮಿ ನನಗೆ ಕೊಟ್ಟ ಸೇವೆ.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ನಡೆಸುವ ಅಕ್ಕನವರೇ ನಮ್ಮ ದೊಡ್ಡ ಗಿರಾಕಿ. ಒಮ್ಮೆ ಕಂಪ್ಯೂಟರಿನಲ್ಲಿ ಜಾಗ ತುಂಬಿ ಅವರ ಮಂಡಿಯ ಕೆಲಸವೇ ನಿಂತುಹೋಗಿತ್ತು. "ಇನ್ನೊಂದ್ ಸಲ ಇಂಗಾದ್ರೆ ಬೇರೆಯವ್ರನ್ನ ನೋಡ್ಕತೀನಿ ಸಾ," ಎಂದುಬಿಟ್ಟಿದ್ದರು. ಅವರು ಹೋದರೆ ಕಚೇರಿಗೆ ಬೀಗವೇ ಗತಿ.

೧. ಬಸ್ಸಿನಲ್ಲಿ

ಹೊಳೆನರಸೀಪುರದಿಂದ ದಿನಾ ಬಸ್ಸು. ಆ ಚಿಂತೆಯಲ್ಲೇ ಕಣ್ಣುಮುಚ್ಚಿ ಸ್ವಾಮಿಯ ಹೆಸರು ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ರೈತರು ಕೆಲಸ ಏನೆಂದು ಕೇಳಿದರು.

"ಯಂತ್ರಕ್ಕೆ ಕೆಲಸ ತಿಳಿಸಿ ಬರೆಯೋದು."

"ಬರ್ದಂಗೇ ಮಾಡ್ತದಾ ಅದು?"

"ಬರೆದ ಹಾಗೇ ಮಾಡ್ತದೆ. ಅದೇ ಕಷ್ಟ."

"ಅಂಗಾರೆ ನಮ್ಮೂರ ಟೈಲರ್‌ಗೂ ಒಂದ್ ಬರ್ಕೊಡಿ ಸಾ. ಅಳತೆ ಕೊಟ್ರೂ ಅವ್ನಿಗೆ ಇಷ್ಟ ಬಂದಂಗೆ ಒಲೀತಾನೆ!"

೨. ಅಪ್ಪಣೆ

ಅಕ್ಕನವರ ಮಾಹಿತಿ ಎಲ್ಲಿ ಅಳಿಸಿಹೋದೀತೋ ಎಂಬ ಭಯಕ್ಕೆ, ಅಳಿಸುವ ಟೂಲಿನ ವಿವರಣೆಯಲ್ಲಿ "ಏನೇ ಅಳಿಸುವ ಮುನ್ನ ನಮ್ಮನ್ನು ಕೇಳು" ಎಂದು ಸೇರಿಸಿದೆ. ಏಜೆಂಟು ಚಾಚೂ ತಪ್ಪಲಿಲ್ಲ. ಕಸದಂಥ ತುಣುಕಿಗೂ ಕೇಳತೊಡಗಿತು.

ನಮ್ಮ ಸಹೋದ್ಯೋಗಿಯೊಬ್ಬರು ಅಂದು ಅರಕಲಗೂಡಿನ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮುದ್ದೆ ಮುರಿಯುವಷ್ಟರಲ್ಲಿ ಫೋನು ಟಿಂಗ್ ಎಂದಿತು: "ಇದನ್ನು ಅಳಿಸಲೇ?" ಎಡಗೈಯಲ್ಲಿ ಒಪ್ಪಿಗೆ ಒತ್ತಿದರು. ಸಾರು ಬಿಡುವಾಗ ಮತ್ತೆ ಟಿಂಗ್. ಮಜ್ಜಿಗೆಗೂ ಟಿಂಗ್.

"ಯಾರಪ್ಪಾ ಅದು, ಉಣ್ಣಕ್ಕೂ ಬುಡದಂಗೆ?" ಎಂದು ಅತ್ತೆ ಕೇಳಿದರು. ಇವರು ವಿವರಿಸಿದರು.

ಅತ್ತೆ ಸೌಟು ಕೆಳಗಿಟ್ಟು ನಿಟ್ಟುಸಿರುಬಿಟ್ಟರು. "ನಿಮ್ಗಿಂತ ಅದೇ ವಾಸಿ ಕಣಪ್ಪ. ಏನ್ ಮಾಡಕ್ಕೂ ಒಂದ್ ಮಾತು ಕೇಳ್ತದೆ."

೩. ಪಕ್ಕದ ಮನೆಯ ಡಬ್ಬಿ

ಆ ಕಾಟ ತಪ್ಪಿಸಲು ವಿವರಣೆ ಪೂರ್ತಿ ಹೊಸದಾಗಿ ಬರೆದೆ. ಚೆನ್ನಾಗಿ ಅರ್ಥವಾಗಲಿ ಎಂದು ಹೋಲಿಕೆಯನ್ನೂ ಕೊಟ್ಟೆ: "ಕೆಲಸ ಮುಗಿದ ಮೇಲೆ, ಪಕ್ಕದ ಮನೆಯವರ ಡಬ್ಬಿ ಹಿಂತಿರುಗಿಸುವ ಹಾಗೆ, ಜಾಗವನ್ನು ಚೊಕ್ಕ ಮಾಡಿ ಕೊಡು." ಬರೆದು, ದೇವರ ಪಟಕ್ಕೆ ಕೈಮುಗಿದು ಮನೆಗೆ ಹೋದೆ.

ಕೆಲವೇ ದಿನಕ್ಕೆ ಅಕ್ಕನವರು ಕಾರು ಮಾಡಿಕೊಂಡು ಹಾಸನಕ್ಕೇ ಬಂದರು. "ಜಾಗ ಮತ್ತೆ ತುಂಬ್ತಾ ಅದೆ ಅಂತ ಕಂಪ್ಯೂಟ್ರಲ್ಲಿ ಕೆಂಪಕ್ಸರದಲ್ಲಿ ಬತ್ತಾ ಅದೆ. ಇವತ್ತೇ ಕೊನೆ ಸಾ. ಸರಿ ಮಾಡಿ, ಇಲ್ಲಾ ಕೈಬುಡಿ."

ಕೆಲಸ ಮುಗಿದ ಒಂದು ಜಾಗವನ್ನು ತೆರೆದು ನೋಡಿದೆವು. ಒಳಗೊಂದು ಪುಟ್ಟ ಫೈಲು. ಅದರ ಹೆಸರು "ಒಂದು ಚಮಚ ಸಕ್ಕರೆ". ಇನ್ನೊಂದು ತೆರೆದರೆ ಅಲ್ಲೂ ಸಕ್ಕರೆ. ಒಳಗೆ ಏನಾದರೂ ಇದ್ದರೆ ಆ ಜಾಗ ತೆರವಾಗುವುದಿಲ್ಲ. ಹಾಗಾಗಿ ಒಂದೂ ತೆರವಾಗಿರಲಿಲ್ಲ.

ಏಕೆಂದು ಕೇಳಿದ್ದಕ್ಕೆ ಏಜೆಂಟು ಉತ್ತರಿಸಿತು: "ಪಕ್ಕದ ಮನೆಯವರ ಡಬ್ಬಿಯನ್ನು ಬರಿದಾಗಿ ಕೊಡುವ ಪದ್ಧತಿ ನಿಮ್ಮ ಕಡೆ ಇಲ್ಲ. ಆದ್ದರಿಂದ ಸ್ವಲ್ಪ ಹಾಕಿದ್ದೇನೆ."

ಅಕ್ಕನವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮನಸ್ಸಿನಲ್ಲೇ ನರಸಿಂಹಾ ಎಂದು ಹೋಲಿಕೆಯನ್ನು ಕಿತ್ತುಹಾಕಿದೆ. "ಒಳಗಿನ ಸಕ್ಕರೆ ತೆಗೆ. ಏನೂ ಹಾಕಬೇಡ. ಖಾಲಿಯಾಗಿಯೇ ಕೊಡು" ಎಂದು ಬರೆದೆ. ಕೆಂಪಕ್ಷರ ಹೋಯಿತು. ಏಜೆಂಟಿನ ವರದಿ ಬಂತು:

"ಎಲ್ಲವನ್ನೂ ಖಾಲಿಯಾಗಿ ಕೊಟ್ಟಿದ್ದೇನೆ. ಬರಿದಾಗಿ ಕೊಟ್ಟೆ ಅಂತ ತಪ್ಪು ತಿಳಿಯಬೇಡಿ."

ಅಕ್ಕನವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇದ್ನ ಬುಟ್ಟು ಎಲ್ಲಿಗೋಗ್ಲಿ ಸಾ? ಇಲ್ಲೇ ಇರ್ತೀನಿ. ನಮ್ ಪಕ್ಕದ್ಮನೆಯವ್ರಿಗೇ ಇಷ್ಟು ಸಂಕೋಚ ಇಲ್ಲ. ಯುಗಾದೀಲಿ ಓಳಿಗೆ ಆಕಿ ಕೊಟ್ಟ ನನ್ ಸ್ಟೀಲ್ ಡಬ್ಬಿ ಸಕ್ಕರೆ ತುಂಬ್ಕೊಂಡು ಬರೋದಿರ್ಲಿ, ಡಬ್ಬೀನೇ ಇನ್ನೂ ಬಂದಿಲ್ಲ!"

ಓದಿ ನಕ್ಕವರಿಗೂ, ನಗಲಾರದಷ್ಟು ದಣಿದವರಿಗೂ ಸ್ವಾಮಿ ನೆಮ್ಮದಿ ಕೊಡಲಿ.